ಸಂಶೋಧನೆ ಶುರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಪರಾಮರ್ಶನ ಆಕರಗಳ ಕೈಪಿಡಿ

ಎಂ.ಎ. ಕಿರುಪ್ರಬಂಧ ಬರೆಯುವವರು, ಪಿಎಚ್.ಡಿ.ಗೆ ಹೊಸದಾಗಿ ಹೆಸರು ಹಚ್ಚಿದವರು, ತಮ್ಮೂರ ಚರಿತ್ರೆ ಬರೆಯಬೇಕೆಂದು ಹೊರಟ ಮೇಷ್ಟ್ರುಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇವೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಮೊದಲ ಹೆಜ್ಜೆ

ಪರಾಮರ್ಶನ ಗ್ರಂಥ ಅಂದ್ರೆ ಏನು? ಮಾಮೂಲಿ ಪುಸ್ತಕಕ್ಕೂ ಅದಕ್ಕೂ ಏನು ಫರಕು?

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದಕ್ಕಲ್ಲದೆ, ಬೇಕಾದ ಒಂದು ಸಂಗತಿಯನ್ನು ಹುಡುಕಿ ನೋಡುವುದಕ್ಕೆಂದೇ ಮಾಡಿದ ಪುಸ್ತಕ ಅದು. ಇದರಲ್ಲಿ ಎರಡು ಜಾತಿ. ನಿಘಂಟು, ವಿಶ್ವಕೋಶ, ಗೆಜೆಟಿಯರ್ (ಒಂದು ಜಿಲ್ಲೆ ಅಥವಾ ಪ್ರಾಂತ್ಯದ ಬಗ್ಗೆ ಸರ್ಕಾರ ತಂದ ವಿವರಗ್ರಂಥ), ಜನಗಣತಿ ಕೈಪಿಡಿ ನೇರವಾಗಿ ಉತ್ತರ ಕೊಡುತ್ತವೆ. ಗ್ರಂಥಸೂಚಿ, ಲೇಖನಸೂಚಿ, ಹಸ್ತಪ್ರತಿ ಪಟ್ಟಿ ಇವು ಉತ್ತರ ಎಲ್ಲಿದೆ ಎಂದು ತೋರಿಸುತ್ತವೆ. ಹೊಸಬರು ಮೊದಲನೆಯದನ್ನು ಮಾತ್ರ ಮುಟ್ಟಿ ಎದ್ದುಬಿಡುತ್ತಾರೆ. ಸಂಶೋಧನೆಗೆ ದಾರಿ ತೆರೆಯುವುದು ಎರಡನೆಯದು.

ಇಂಥ ಪುಸ್ತಕಗಳ ಬೆನ್ನಿನ ಚೀಟಿಯಲ್ಲಿ ಸಾಮಾನ್ಯವಾಗಿ ‘ಆರ್’ ಗುರುತು ಇರುತ್ತದೆ. ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ನೋಡಬೇಕು. ಆದ್ದರಿಂದ ಹೋಗುವಾಗ ಅರ್ಧ ದಿನ ಬಿಡುವು ಮಾಡಿಕೊಂಡೇ ಹೋಗಿ. ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ ಎಂಬುದೂ ನೆನಪಿರಲಿ.

ಗೂಗಲ್‌ನಾಗ ಎಲ್ಲಾ ಸಿಗತೈತಿ, ಲೈಬ್ರರಿಗೆ ಯಾಕ ಹೋಗಬೇಕು?

ಕೊಪ್ಪಳ ಜಿಲ್ಲೆಯ 2011ರ ಜನಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ. ಒಂದು ಕಡೆ 13,91,292 ಎಂದಿರುತ್ತದೆ, ಇನ್ನೊಂದು ಕಡೆ 13,89,920. ಎರಡೂ ಜನಗಣತಿಯವೇ. ಮೊದಲನೆಯದು ಎಣಿಕೆ ಮುಗಿದ ಕೂಡಲೇ ಹೊರಬಂದ ತಾತ್ಕಾಲಿಕ ಅಂಕಿ, ಎರಡನೆಯದು ಪರಿಷ್ಕರಿಸಿದ ಅಂತಿಮ ಅಂಕಿ. ಜಾಲತಾಣಗಳು ಯಾವುದು ಯಾವುದೆಂದು ಹೇಳದೆ ಒಂದರಿಂದ ಒಂದು ನಕಲು ಮಾಡುತ್ತವೆ. ಜಿಲ್ಲಾ ಜನಗಣತಿ ಕೈಪಿಡಿಯನ್ನು ತೆರೆದರೆ ಆ ಗೊಂದಲವೇ ಇಲ್ಲ. ಪ್ರಬಂಧದ ಮೊದಲ ಪುಟದಲ್ಲೇ ತಾತ್ಕಾಲಿಕ ಅಂಕಿ ಹಾಕಿದರೆ ಓದುವವರಿಗೆ ಉಳಿದ ಪುಟಗಳ ಮೇಲೂ ನಂಬಿಕೆ ಹೋಗುತ್ತದೆ.

ಅಂತರ್ಜಾಲ ಬಿಡಿ ಎಂದು ನಾವು ಹೇಳುತ್ತಿಲ್ಲ. ಹಳೆಯ ಗೆಜೆಟಿಯರ್‌ಗಳು, ಶಾಸನ ಸಂಪುಟಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಇಡಿಯಾಗಿ ಸಿಗುತ್ತವೆ. ಆದರೆ ಯಾವ ಪುಸ್ತಕ ಬೇಕೆಂದು ಗೊತ್ತಿದ್ದರೆ ತಾನೇ ಹುಡುಕುವುದು? ಆ ಹೆಸರುಗಳು ತಿಳಿಯುವುದು ಪರಾಮರ್ಶನ ವಿಭಾಗದಲ್ಲಿ.

ಗೈಡ್ ‘ವಿಷಯ ಸಣ್ಣದು ಮಾಡ್ಕೊಂಡು ಬಾ’ ಅಂತಾರೆ. ಹೆಂಗೆ ಮಾಡೋದು?

ಸ್ಥಳ, ಕಾಲ, ಜನ, ಸಂಗತಿ. ಈ ನಾಲ್ಕು ಮನೆಗಳನ್ನೂ ತುಂಬಿ ನೋಡಿ. ಎರಡು ಮನೆ ಖಾಲಿ ಇದ್ದರೆ ವಿಷಯ ಇನ್ನೂ ದೊಡ್ಡದೇ.

‘ತುಂಗಭದ್ರಾ ಅಣೆಕಟ್ಟೆಯ ಸಾಮಾಜಿಕ ಪರಿಣಾಮ’ ಎಂದು ಬರೆದುಕೊಂಡಿದ್ದೀರಿ ಎನ್ನಿ. ಇದರಲ್ಲಿ ಸಂಗತಿಯೂ ಸಡಿಲ, ಕಾಲವೂ ಇಲ್ಲ, ಜನರೂ ಇಲ್ಲ. ಮೊದಲು ವಿಶ್ವಕೋಶದಲ್ಲಿ ‘ತುಂಗಭದ್ರಾ’ ನೋಡಿ: ಕೆಲಸ ಶುರುವಾದದ್ದು 1945, ನೀರು ಬಿಟ್ಟದ್ದು 1953. ಕಾಲದ ಗೆರೆ ಸಿಕ್ಕಿತು. ಆಮೇಲೆ ಗೆಜೆಟಿಯರ್‌ನ ನೀರಾವರಿ ಅಧ್ಯಾಯ ತೆರೆದರೆ ಎಡದಂಡೆ ನಾಲೆ ಯಾವ ತಾಲ್ಲೂಕುಗಳಲ್ಲಿ ಹಾಯುತ್ತದೆ ಎಂಬುದು ಸಿಗುತ್ತದೆ, ಅಂದರೆ ಸ್ಥಳ. ನಾಲೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು ಗಂಗಾವತಿ, ಸಿಂಧನೂರು ಕಡೆ ಎಲ್ಲರಿಗೂ ಗೊತ್ತು, ಅವರೇ ಜನ. ಈಗ ವಿಷಯ ಹೀಗಾಗುತ್ತದೆ: ‘1951ರಿಂದ 1971ರವರೆಗೆ ಗಂಗಾವತಿ ತಾಲ್ಲೂಕಿನ ನಾಲೆಯಂಚಿನ ಹಳ್ಳಿಗಳಲ್ಲಿ ವಲಸೆ ಮತ್ತು ಜನಸಂಖ್ಯೆ’. ಮೂರು ಜನಗಣತಿ ಕೈಪಿಡಿಗಳೇ ಇದಕ್ಕೆ ಬೆನ್ನೆಲುಬು. ಎರಡು ಮಧ್ಯಾಹ್ನದ ಕೆಲಸ ಇಷ್ಟು.

ಲೈಬ್ರರಿಯನ್ ಹತ್ರ ಕೇಳಿದ್ರೆ ‘ಅಲ್ಲಿ ನೋಡ್ರಿ’ ಅಂತ ಕೈ ತೋರಿಸಿಬಿಡ್ತಾರೆ. ಹೆಂಗ ಕೇಳಬೇಕು?

‘ಬಳ್ಳಾರಿ ಇತಿಹಾಸದ ಬುಕ್ ಐತಾ?’ ಎಂದರೆ ಯಾರಾದರೂ ಕೈ ತೋರಿಸುವುದು ಬಿಟ್ಟು ಬೇರೇನೂ ಮಾಡಲಾರರು. ‘ಬಳ್ಳಾರಿಯಲ್ಲಿ 1876ರ ಬರಗಾಲದ ಬಗ್ಗೆ ಬೇಕಾಗಿತ್ತು ಸರ್, 1904ರ ಜಿಲ್ಲಾ ಗೆಜೆಟಿಯರ್ ನೋಡಿದ್ದೀನಿ, ಅದಕ್ಕಿಂತ ಹಿಂದಿನದು ಏನಾದ್ರೂ ಇದೆಯಾ?’ ಎಂದು ಕೇಳಿ ನೋಡಿ. ಬೇಕಾದದ್ದು ಏನು, ಈಗಾಗಲೇ ನೋಡಿದ್ದು ಏನು, ಈ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಇನ್ನೂ ಚಲೋ. ಹಳೆಯ ಸಂಪುಟಗಳು ಎಷ್ಟೋ ಕಡೆ ಬೀಗ ಹಾಕಿದ ಬೀರುವಿನಲ್ಲಿರುತ್ತವೆ. ಹೆಸರು, ಸಂಪುಟ, ವರ್ಷ ಸ್ಪಷ್ಟವಾಗಿದ್ದರೆ ಮಾತ್ರ ಅದರ ಕೀಲಿ ಹೊರಬರುತ್ತದೆ.

ನಿಮ್ಮದು ಹಳ್ಳಿಯಾದರೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಿಂದ ಶುರು ಮಾಡಬಹುದು. ಅಲ್ಲಿ ದೊಡ್ಡ ಪರಾಮರ್ಶನ ಸಂಪುಟಗಳು ಸಿಗುವುದು ಕಡಿಮೆ. ಆದರೆ ಕಂಪ್ಯೂಟರು, ಇಂಟರ್ನೆಟ್ಟು ಇದ್ದಲ್ಲಿ ಸ್ಕ್ಯಾನ್ ಆದ ಗೆಜೆಟಿಯರನ್ನು ಅಲ್ಲೇ ತೆರೆದು ಓದಿಕೊಳ್ಳಬಹುದು.

## ಕಪಾಟಿನ ಮುಂದೆ

ಪುಸ್ತಕದ ಬೆನ್ನ ಮೇಲಿನ ನಂಬರ್ ತಿಳೀವಲ್ದು. ಅದನ್ನ ಕಲಿಯೋದು ಅಷ್ಟು ಬೇಕಾ?

ನಾಲ್ಕೇ ನಾಲ್ಕು ಸಂಖ್ಯೆ ಸಾಕು. ಡ್ಯೂಯಿ ದಶಮಾಂಶ ವರ್ಗೀಕರಣ ಬಳಸುವ ಗ್ರಂಥಾಲಯದಲ್ಲಿ 030 ವಿಶ್ವಕೋಶಗಳು, 494.814 ಕನ್ನಡ ಭಾಷೆ, 894.814 ಕನ್ನಡ ಸಾಹಿತ್ಯ, 954.87 ಕರ್ನಾಟಕದ ಇತಿಹಾಸ. ಕ್ಯಾಟಲಾಗ್‌ನಲ್ಲಿ ಒಂದು ಒಳ್ಳೆಯ ಪುಸ್ತಕ ಸಿಕ್ಕಿತೆನ್ನಿ, ಅದರ ಸಂಖ್ಯೆ ಹಿಡಿದು ಕಪಾಟಿಗೆ ಹೋಗಿ ಎಡಕ್ಕೆ ಒಂದು ಮೊಳ, ಬಲಕ್ಕೆ ಒಂದು ಮೊಳ ಕಣ್ಣಾಡಿಸಿ. ನೀವು ಹೆಸರೇ ಕೇಳದ ಎರಡು ಪುಸ್ತಕ ಅಲ್ಲಿರುತ್ತವೆ.

ಕ್ಯಾಟಲಾಗ್‌ನಾಗ ಹುಡುಕಿದ್ರ ಇಲ್ಲ ಅಂತ ಬರತೈತಿ, ಕಪಾಟಿನ್ಯಾಗ ನೋಡಿದ್ರ ಪುಸ್ತಕ ಐತಿ! ಇದೇನು?

ಪುಸ್ತಕದ ಹೆಸರನ್ನು ಕಂಪ್ಯೂಟರಿಗೆ ಹಾಕಿದವರು ಬರೆದ ಸ್ಪೆಲಿಂಗೇ ಬೇರೆ, ನೀವು ಹಾಕಿದ್ದೇ ಬೇರೆ. ನಮ್ಮ ಜಿಲ್ಲೆಗಳ ಮಟ್ಟಿಗೆ ಇದು ದೊಡ್ಡ ಕಾಟ. ‘ಬಳ್ಳಾರಿ’ ಸರ್ಕಾರದ ಇಂಗ್ಲಿಷ್ ಬರಹದಲ್ಲಿ ಅಧಿಕೃತವಾಗಿ ಬಳ್ಳಾರಿ ಎಂದೇ ಆದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಎಲ್ಲ ಇಂಗ್ಲಿಷ್ ಪುಸ್ತಕವೂ ‘ಬೆಳ್ಳರಿ’ ಸ್ಪೆಲಿಂಗಿನ ಕೆಳಗೆ. ಹೊಸಪೇಟೆ ಆಗ ‘ಹಾಸ್ಪೆಟ್’. ಕೊಪ್ಪಳ ನಿಜಾಮರ ಕಾಲದ ಪುಸ್ತಕಗಳಲ್ಲಿ ‘ಕೊಪ್ಬಲ್’, ಹಳೆಯ ಶಾಸನಗಳಲ್ಲಿ ‘ಕೊಪಣ’.

ಕನ್ನಡ ಲಿಪಿಯಲ್ಲೂ ತೊಡಕುಗಳಿವೆ. ‘ವಿಶ್ವವಿದ್ಯಾಲಯ’ ಎಂದು ಹಾಕಿದರೆ ‘ವಿಶ್ವವಿದ್ಯಾನಿಲಯ’ ಬರುವುದಿಲ್ಲ. ಲೇಖಕರ ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ‘ಮೂರ್ತಿ’ ಕೂಡಿಯೂ ಇರಬಹುದು, ಬಿಡಿಸಿಯೂ ಇರಬಹುದು. ಇದಕ್ಕೆ ಪರಿಹಾರ ಒಂದೇ: ಇಡೀ ಹೆಸರು ಹಾಕಬೇಡಿ. ಶೀರ್ಷಿಕೆಯಲ್ಲಿ ತಪ್ಪಾಗಲು ಸಾಧ್ಯವೇ ಇಲ್ಲದ ಒಂದು ಪದ ಹಿಡಿದು ಹುಡುಕಿ, ಆಮೇಲೆ ಅದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ನಿಮ್ಮ ವಿಷಯಕ್ಕೆ ಬರುವ ಊರು, ವ್ಯಕ್ತಿ, ಪದಗಳ ಎಲ್ಲ ರೂಪಗಳನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪಟ್ಟಿ ಮಾಡುತ್ತ ಹೋಗಿ. ಆ ಒಂದು ಪುಟ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ.

ಶಾಸನದಾಗಿನ ಪದಕ್ಕೆ ಅರ್ಥ ಬೇಕು. ಯಾವ ನಿಘಂಟು?

ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು ಮೊದಲು. ಅದರಲ್ಲಿ ಅರ್ಥದ ಜೊತೆ ಆ ಪದ ಎಲ್ಲಿ ಬಳಕೆಯಾಗಿದೆ ಎಂಬ ಪ್ರಯೋಗವೂ ಇರುತ್ತದೆ. ಸಂಶೋಧಕರಿಗೆ ಅರ್ಥಕ್ಕಿಂತ ಅದೇ ಹೆಚ್ಚು ಬೆಲೆಯದು. ಎರಡನೆಯದು 1894ರ ಕಿಟೆಲ್ ಕೋಶ. ಪದ ಸಿಗದಿದ್ದರೆ ‘ಹ’ಕಾರವನ್ನು ‘ಪ’ಕಾರ ಮಾಡಿ ನೋಡಿ: ಹಳ್ಳಿಗೆ ಪಳ್ಳಿ, ಹೊಲಕ್ಕೆ ಪೊಲ. ಈಗ ಬಿಟ್ಟುಹೋದ ಱ, ೞ ಅಕ್ಷರಗಳಿಂದಲೂ ಪದ ಬೇರೆ ಜಾಗಕ್ಕೆ ಹೋಗಿರುತ್ತದೆ. ಕೋಶದ ಮುನ್ನುಡಿಯಲ್ಲಿ ಅಕ್ಷರಕ್ರಮ ಹೇಳಿರುತ್ತಾರೆ, ಅದನ್ನು ಓದಿಯೇ ಒಳಗೆ ಹೋಗಿ.

ನಿಜಾಮರ ಕಾಲದ ಕಾಗದಗಳಲ್ಲಿ ಬರುವ ಮಕ್ತಾ, ಇನಾಂ, ಸರ್ಫ್-ಎ-ಖಾಸ್ ಇಂಥವಕ್ಕೆ ಕನ್ನಡ ಕೋಶ ಸಾಲದು. ಎಚ್.ಎಚ್. ವಿಲ್ಸನ್ 1855ರಲ್ಲಿ ಪ್ರಕಟಿಸಿದ ಕಂದಾಯ ಮತ್ತು ನ್ಯಾಯಾಡಳಿತ ಪದಗಳ ಕೋಶ ಇಂದಿಗೂ ಅದಕ್ಕೆ ಆಸರೆ.

ವಿಕಿಪೀಡಿಯ ನೋಡಬಾರದಾ? ಎಐ ಕೇಳಿದ್ರೆ ನಡೆಯಲ್ವಾ?

ವಿಕಿಪೀಡಿಯ ನೋಡಿ, ಆದರೆ ಲೇಖನದ ಕೆಳಗಿನ ಉಲ್ಲೇಖಗಳಿಗಾಗಿ ನೋಡಿ. ಮೈಸೂರು ವಿಶ್ವವಿದ್ಯಾನಿಲಯದ 14 ಸಂಪುಟಗಳ ಕನ್ನಡ ವಿಶ್ವಕೋಶದ ಲೇಖನಗಳು ಕನ್ನಡ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ಅವು ವಿದ್ವಾಂಸರು ಬರೆದವು, ಉಲ್ಲೇಖಿಸಬಹುದು. ಆದರೆ ಮೊದಲ ಸಂಪುಟ ಬಂದದ್ದು 1969ರಲ್ಲಿ. ಜಿಲ್ಲೆಯ ಗಡಿ, ಅಂಕಿಅಂಶಗಳು ಆ ಕಾಲದವೆಂದೇ ಓದಬೇಕು.

ಎಐ ಇಲ್ಲದ ಪುಸ್ತಕಕ್ಕೆ ಲೇಖಕರ ಹೆಸರು, ಪ್ರಕಾಶಕರು, ಪುಟಸಂಖ್ಯೆ ಎಲ್ಲ ಹೊಂದಿಸಿ ಕೊಡುವುದುಂಟು. ಅದು ಹೇಳಿದ ಯಾವ ಪುಸ್ತಕವನ್ನೂ ಕ್ಯಾಟಲಾಗ್‌ನಲ್ಲಿ ಕಣ್ಣಾರೆ ಕಾಣುವ ತನಕ ಪಟ್ಟಿಗೆ ಸೇರಿಸಬೇಡಿ.

## ನಮ್ಮ ಜಿಲ್ಲೆಗಳ ಆಕರಗಳು

ಬಳ್ಳಾರಿ ದಾಖಲೆ ಚೆನ್ನೈನಾಗ, ರಾಯಚೂರಿಂದು ಹೈದರಾಬಾದಿನಾಗ ಅಂತಾರೆ. ಇದ್ಯಾಕೆ ಹಿಂಗೆ?

ಈ ಭಾಗದಲ್ಲಿ ಸಂಶೋಧನೆ ಮಾಡುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಇದು. ನಿಮ್ಮ ಊರು ಯಾವ ವರ್ಷ ಯಾರ ಆಡಳಿತದಲ್ಲಿತ್ತು ಎಂಬುದೇ ಯಾವ ಪುಸ್ತಕ ತೆರೆಯಬೇಕು ಎಂಬುದನ್ನು ಗೊತ್ತು ಮಾಡುತ್ತದೆ. ‘ಕರ್ನಾಟಕ’ ಎಂದು ಹುಡುಕಿದರೆ ನಮ್ಮ ಹಳೆಯ ಆಕರಗಳಲ್ಲಿ ಮುಕ್ಕಾಲು ಪಾಲು ಸಿಗುವುದೇ ಇಲ್ಲ.

ಬಳ್ಳಾರಿ ಸೀಮೆಯನ್ನು ನಿಜಾಮರು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ದತ್ತ ಮಂಡಲ ಎಂಬ ಹೆಸರು ಬಂದದ್ದು ಅದರಿಂದ. ಆಮೇಲೆ ಅದು ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹಾಗಾಗಿ 1953ಕ್ಕಿಂತ ಹಿಂದಿನ ‘ಬಳ್ಳಾರಿ ಜಿಲ್ಲೆ’ಯ ಒಟ್ಟು ಅಂಕಿಯನ್ನು ಇಂದಿನ ಜಿಲ್ಲೆಯ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಸಂಡೂರಿನ ಮಾತು ಬೇರೆಯೇ: 1949ರವರೆಗೆ ಅದು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ, ಜಿಲ್ಲೆಯ ಒಳಗೇ ಇಲ್ಲ.

ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆದರೆ 1853ರಿಂದ 1860ರವರೆಗೆ ರಾಯಚೂರು ದೋಆಬ್ (ಕೃಷ್ಣಾ-ತುಂಗಭದ್ರಾ ನಡುವಿನ ಸೀಮೆ) ಬ್ರಿಟಿಷರ ಕೈಯಲ್ಲಿತ್ತು. ಆ ಏಳು ವರ್ಷದ ದಾಖಲೆಯನ್ನು ನಿಜಾಮರ ಕಡತದಲ್ಲಿ ಹುಡುಕಿ ದಣಿದವರಿದ್ದಾರೆ. 1905ರವರೆಗೆ ಲಿಂಗಸುಗೂರು ಬೇರೆ ಜಿಲ್ಲೆ. 1956ರಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರಿನಿಂದ ಬೇರೆಯಾಗಿ ಆಂಧ್ರಪ್ರದೇಶಕ್ಕೆ ಹೋದವು. ಕೊಪ್ಪಳ ಸಾಲಾರ್ ಜಂಗರ ಜಾಗೀರು. ಅದು ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕಿಂತ ಹಿಂದಿನದೆಲ್ಲ ‘ರಾಯಚೂರು’ ಹೆಸರಿನಲ್ಲಿ.

ಹರಪನಹಳ್ಳಿಯಷ್ಟು ಓಡಾಡಿದ ತಾಲ್ಲೂಕು ಇನ್ನೊಂದಿಲ್ಲ: ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ.

ಈ ಪಟ್ಟಿಯನ್ನು ನಿಮ್ಮ ತಾಲ್ಲೂಕಿಗೆ ತಕ್ಕಂತೆ ಒಂದು ಹಾಳೆಯಲ್ಲಿ ಬರೆದು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಕೊಳ್ಳಿ. ಮೂಲ ಕಡತಗಳವರೆಗೆ ಹೋಗಬೇಕಾದಾಗ ಮದ್ರಾಸ್ ಕಾಲದ್ದಕ್ಕೆ ಚೆನ್ನೈನ ತಮಿಳುನಾಡು ಪತ್ರಾಗಾರ, ನಿಜಾಮ ಕಾಲದ್ದಕ್ಕೆ ಹೈದರಾಬಾದಿನ ತೆಲಂಗಾಣ ಪತ್ರಾಗಾರ, ಆಮೇಲಿನದಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಹೈದರಾಬಾದಿಗೆ ಹೋಗುವವರು ಉರ್ದು ಓದಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಹಳೆಯದು ಪಾರಸಿಯಲ್ಲೂ ಇರುತ್ತದೆ.

ಎಪಿಗ್ರಾಫಿಯಾ ಕರ್ನಾಟಿಕಾ ಪೂರ್ತಿ ತಿರುವಿ ಹಾಕಿದೆ, ನಮ್ಮೂರ ಶಾಸನ ಒಂದೂ ಸಿಗವಲ್ದು!

ಸಿಗುವುದಿಲ್ಲ, ತಪ್ಪು ನಿಮ್ಮದಲ್ಲ. ಬಿ.ಎಲ್. ರೈಸ್ ಆ ಶಾಸನ ಸಂಪುಟಗಳನ್ನು ಮಾಡಿದ್ದು ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ. ನಮ್ಮ ಮೂರೂ ಜಿಲ್ಲೆಗಳು ಆಗ ಅದರ ಹೊರಗೆ.

ಬಳ್ಳಾರಿಯವರು ತೆರೆಯಬೇಕಾದದ್ದು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 9ನೇ ಸಂಪುಟ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು ಅದರಲ್ಲಿವೆ. ಎರಡು ಭಾಗ, ಎರಡನೆಯದು ವಿಜಯನಗರದ ಅರಸರದು. ರಾಯಚೂರು, ಕೊಪ್ಪಳದವರಿಗೆ ಹೈದರಾಬಾದ್ ಪುರಾತತ್ವ ಮಾಲೆ: ಮಸ್ಕಿಯ ಅಶೋಕ ಶಾಸನ 1915ರಲ್ಲಿ ಅದರ ಮೊದಲ ಪುಸ್ತಿಕೆಯಾಗಿ ಬಂತು, ಗವಿಮಠ ಮತ್ತು ಪಾಲ್ಕಿಗುಂಡುವಿನ ಅಶೋಕ ಶಾಸನಗಳು 10ನೆಯದಾಗಿ, ಕೊಪ್ಪಳದ ಕನ್ನಡ ಶಾಸನಗಳು 1935ರಲ್ಲಿ 12ನೆಯದಾಗಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ. ಬಳ್ಳಾರಿ, ಕೊಪ್ಪಳದ ಸಂಪುಟಗಳು ಅದರಲ್ಲಿವೆ, ಪಾಠ ಕನ್ನಡ ಲಿಪಿಯಲ್ಲಿದೆ. ಹೊಸಬರು ಇಲ್ಲಿಂದಲೇ ಶುರು ಮಾಡಿ, ಆಮೇಲೆ ಹಳೆಯ ಸಂಪುಟದ ಪಾಠದ ಜೊತೆ ಸಾಲು ಸಾಲಾಗಿ ಹೋಲಿಸಿ. ವ್ಯತ್ಯಾಸ ಕಂಡಲ್ಲಿ ಗುರುತು ಹಾಕಿ, ಎಷ್ಟೋ ಸಲ ಸಂಶೋಧನೆಯ ಪ್ರಶ್ನೆ ಹುಟ್ಟುವುದು ಅಲ್ಲೇ.

ಶಾಸನ ಸಂಪುಟವನ್ನು ಹಿಂದಿನಿಂದ ತೆರೆಯಿರಿ. ಕೊನೆಯಲ್ಲಿರುವ ಹೆಸರುಗಳ ಸೂಚಿಯಲ್ಲಿ ಊರು, ನಾಡು, ದೇವರು ಎಲ್ಲ ಇರುತ್ತವೆ. ಊರು ಸಿಗದಿದ್ದರೆ ನಾಡಿನ ಹೆಸರು ನೋಡಿ: ರಾಯಚೂರು ದೋಆಬಿಗೆ ಎಡೆದೊರೆ-2000, ಬಳ್ಳಾರಿ-ಆದೋನಿ ಕಡೆಗೆ ಸಿಂದವಾಡಿ-1000 (ಅಂಕಿ ನಾಡಿನ ಹೆಸರಿನ ಭಾಗವೇ).

ಗೆಜೆಟಿಯರ್ ಹಳೇದು ಓದ್ಬೇಕೋ ಹೊಸದೋ?

ಎರಡೂ, ಒಂದರ ಪಕ್ಕ ಒಂದಿಟ್ಟು. ಬಳ್ಳಾರಿಗೆ ಜಾನ್ ಕೆಲ್ಸಾಲ್ ಅವರ 1872ರ ಮ್ಯಾನ್ಯುಯಲ್, ಡಬ್ಲ್ಯೂ. ಫ್ರಾನ್ಸಿಸ್ ಅವರ 1904ರ ಗೆಜೆಟಿಯರ್, ಮೈಸೂರು ರಾಜ್ಯ ಸರ್ಕಾರದ 1972ರ ಗೆಜೆಟಿಯರ್. ರಾಯಚೂರಿಗೆ ಇಂಪೀರಿಯಲ್ ಗೆಜೆಟಿಯರ್ ಮಾಲೆಯ 1909ರ ಹೈದರಾಬಾದ್ ಸಂಪುಟ, ಆಮೇಲೆ 1970ರ ಜಿಲ್ಲಾ ಗೆಜೆಟಿಯರ್. ಆಗ ಕೊಪ್ಪಳ ಅದರೊಳಗೇ ಇತ್ತು. ಅಕಾರಾದಿಯ ಇಂಪೀರಿಯಲ್ ಗೆಜೆಟಿಯರ್‌ನಲ್ಲಿ 25ನೇ ಸಂಪುಟ ಪೂರ್ತಿ ಸೂಚಿ, ಅದನ್ನು ಮೊದಲು ನೋಡಿದರೆ ಸಮಯ ಉಳಿಯುತ್ತದೆ.

ಫ್ರಾನ್ಸಿಸ್ ಅವರ ಪುಸ್ತಕದಲ್ಲಿ ಮುಂದಿನ ಅಧ್ಯಾಯಗಳು ವಿಷಯವಾರು, ಕೊನೆಯ ಕಡೆ ತಾಲ್ಲೂಕುವಾರು ಊರುಗಳ ವಿವರ. ನಮ್ಮೂರ ಹೆಸರು ಕೊನೆಯ ಭಾಗದಲ್ಲಿ ಇಲ್ಲವೆಂದು ಪುಸ್ತಕ ಮುಚ್ಚಬೇಡಿ. ನೀರಾವರಿ, ಬರಗಾಲ, ಕೈಕಸುಬಿನ ಅಧ್ಯಾಯಗಳಲ್ಲಿ ಸಣ್ಣ ಊರುಗಳು ಒಂದೊಂದು ಸಾಲಿನಲ್ಲಿ ಬರುತ್ತವೆ. ಸಂಡೂರಿಗೆ ಪ್ರತ್ಯೇಕ ಅಧ್ಯಾಯವಿದೆ.

ಜಾತಿ, ಜನಸ್ವಭಾವದ ಬಗ್ಗೆ ಆ ಅಧಿಕಾರಿಗಳು ಬರೆದದ್ದನ್ನು ಸಂಗತಿ ಎಂದು ಎತ್ತಿಕೊಳ್ಳಬೇಡಿ. ಆಳುವವರು ನಮ್ಮನ್ನು ಹೇಗೆ ಕಂಡರು ಎಂಬುದಕ್ಕೆ ಅದು ಸಾಕ್ಷಿ, ನಾವು ಹೇಗಿದ್ದೆವು ಎಂಬುದಕ್ಕಲ್ಲ.

ಆ ಕಾಲದ ಊರಿನವರ ಮಾತೇ ಬೇಕೆಂದರೆ ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳಿವೆ, ಅಂದರೆ ಊರೂರಿನಲ್ಲಿ ಬರೆಸಿಕೊಂಡ ಸ್ಥಳೀಯ ವೃತ್ತಾಂತಗಳು. ಎಂ.ಎಂ. ಕಲಬುರ್ಗಿ ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಕನ್ನಡ ವಿಶ್ವವಿದ್ಯಾಲಯದಿಂದಲೇ ಬಂದಿದೆ.

ಜನಗಣತಿ ಪುಸ್ತಕದಾಗ ನಮ್ಮ ಹಳ್ಳಿ ಹುಡುಕೋದು ಹೆಂಗ?

2011ರ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಎರಡು ಭಾಗ. ‘ಎ’ ಭಾಗ ಗ್ರಾಮ ಮತ್ತು ಪಟ್ಟಣಗಳ ಡೈರೆಕ್ಟರಿ: ಶಾಲೆ, ಆಸ್ಪತ್ರೆ, ಕುಡಿಯುವ ನೀರು, ನೀರಾವರಿ. ‘ಬಿ’ ಭಾಗದಲ್ಲಿ ಜನಸಂಖ್ಯೆ, ಸಾಕ್ಷರತೆ, ದುಡಿಮೆ. ಎರಡೂ ಕಡೆ ಊರಿಗೆ 6 ಅಂಕಿಯ ಒಂದೇ ಕೋಡ್ ಇರುತ್ತದೆ. ಮೊದಲು ಕೋಡ್ ಬರೆದುಕೊಳ್ಳಿ. ಒಂದೇ ಹೆಸರಿನ ಎರಡು ಹಳ್ಳಿ ಒಂದೇ ತಾಲ್ಲೂಕಿನಲ್ಲಿದ್ದಾಗ ಕೋಡ್ ಇಲ್ಲದೆ ಗುರುತು ಹತ್ತುವುದಿಲ್ಲ.

ಎಡವುವುದು ತಾಲ್ಲೂಕಿನ ಹೆಸರಿನಲ್ಲಿ. ಕಂಪ್ಲಿಯ ಹಳ್ಳಿಗಳನ್ನು 2011ರ ಸಂಪುಟದಲ್ಲಿ ಹೊಸಪೇಟೆ ತಾಲ್ಲೂಕಿನಲ್ಲಿ, ಕುರುಗೋಡಿನವನ್ನು ಬಳ್ಳಾರಿ ತಾಲ್ಲೂಕಿನಲ್ಲಿ, ಕಾರಟಗಿ ಮತ್ತು ಕನಕಗಿರಿಯವನ್ನು ಗಂಗಾವತಿಯಲ್ಲಿ, ಕುಕನೂರಿನವನ್ನು ಯಲಬುರ್ಗಾದಲ್ಲಿ ನೋಡಬೇಕು. ಹರಪನಹಳ್ಳಿ ದಾವಣಗೆರೆ ಜಿಲ್ಲೆಯ ಕೈಪಿಡಿಯಲ್ಲಿದೆ. 1951ಕ್ಕೆ ಬಂದರೆ ಬಳ್ಳಾರಿ ಮದ್ರಾಸ್ ಸಂಪುಟದಲ್ಲಿ, ರಾಯಚೂರು ಹೈದರಾಬಾದ್ ಸಂಪುಟದಲ್ಲಿ. ಎರಡೂ ಒಂದೇ ರಾಜ್ಯದ ಕೆಳಗೆ ಬರುವುದು 1961ರಿಂದ.

ಬೆಳೆ, ಮಳೆ, ಶಾಲೆ ಇವುಗಳ ಅಂಕಿಅಂಶ ಎಲ್ಲಿ ಸಿಗುತ್ತೆ?

ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಜಿಲ್ಲಾ ಅಂಕಿ ಅಂಶಗಳ ನೋಟದಲ್ಲಿ. ಪ್ರಾದೇಶಿಕ ಅಸಮತೋಲನದ ಮೇಲೆ ಕೆಲಸ ಮಾಡುವವರಿಗೆ 2002ರ ನಂಜುಂಡಪ್ಪ ಸಮಿತಿ ವರದಿ ಬಿಟ್ಟರೆ ನಡೆಯುವುದಿಲ್ಲ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಅದು ವಿಂಗಡಿಸಿತು. ಹಳೆಯ ಪಟ್ಟಿಗಳಲ್ಲಿ ಎಕರೆ, ಹೊಸತರಲ್ಲಿ ಹೆಕ್ಟೇರ್. 1 ಹೆಕ್ಟೇರ್ ಅಂದರೆ 2.47 ಎಕರೆ. ಪರಿವರ್ತಿಸದೆ ಪಕ್ಕಪಕ್ಕ ಇಟ್ಟರೆ ಬಿತ್ತನೆ ಪ್ರದೇಶ ಅರ್ಧಕ್ಕಿಂತ ಕೆಳಗೆ ಇಳಿದಂತೆ ಕಾಣುತ್ತದೆ.

## ಆಳಕ್ಕೆ ಇಳಿದವರಿಗೆ

ಶೋಧಗಂಗಾದಾಗ ಕನ್ನಡದಲ್ಲಿ ಟೈಪ್ ಮಾಡಿದ್ರೆ ಏನೂ ಬರಲ್ಲ. ಕನ್ನಡ ಪ್ರಬಂಧಗಳೇ ಇಲ್ಲವಾ?

ಪಿಎಚ್.ಡಿ. ಪ್ರಬಂಧಗಳನ್ನು ಇಡುವ ಈ ಜಾಲತಾಣದಲ್ಲಿ ಅವು ಬೇಕಾದಷ್ಟಿವೆ. ಹಳೆಯವು ಸ್ಕ್ಯಾನ್ ಮಾಡಿದ ಚಿತ್ರಗಳು. ನಡುವಿನವು ಯೂನಿಕೋಡ್ ಅಲ್ಲದ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪಾದವು, ಅದರಿಂದ ಕಂಪ್ಯೂಟರಿಗೆ ಅವು ಕನ್ನಡವಾಗಿ ಕಾಣುವುದಿಲ್ಲ. ಹುಡುಕುವ ಚೌಕವನ್ನು ಬಿಟ್ಟು ವಿಶ್ವವಿದ್ಯಾಲಯದ ಪಟ್ಟಿಯಿಂದ ಒಳಗೆ ಹೋಗಿ, ವಿಭಾಗ ಆರಿಸಿ, ಶೀರ್ಷಿಕೆಗಳನ್ನು ಒಂದೊಂದಾಗಿ ನೋಡಿ. ಎಷ್ಟೋ ಶೀರ್ಷಿಕೆಗಳು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ.

ಒಂದು ಪ್ರಬಂಧದ ಅಧ್ಯಾಯಗಳು ಬೇರೆ ಬೇರೆ ಕಡತಗಳಾಗಿರುತ್ತವೆ. ಮೊದಲು ಕೊನೆಯ ಗ್ರಂಥಸೂಚಿಯ ಕಡತ ಇಳಿಸಿಕೊಳ್ಳಿ. ನಿಮ್ಮ ವಿಷಯಕ್ಕೆ ಹತ್ತಿರದ ಮೂರು ಪ್ರಬಂಧಗಳ ಗ್ರಂಥಸೂಚಿಗಳನ್ನು ಪಕ್ಕಪಕ್ಕ ಇಟ್ಟು, ಮೂರರಲ್ಲೂ ಬರುವ ಪುಸ್ತಕಗಳಿಗೆ ಗೆರೆ ಎಳೆಯಿರಿ. ಅವು ಓದಲೇಬೇಕಾದವು. ಯಾವುದೋ ಒಂದರಲ್ಲಿ ಮಾತ್ರ ಬರುವವು ನಿಮಗೆ ಹೊಸ ದಾರಿ ತೋರಿಸಬಹುದಾದವು.

ಫಸಲಿ, ಶಕ, ಸಂವತ್ಸರ... ಇವನ್ನ ಇಸವಿಗೆ ಹೆಂಗ ತರೋದು?

ಫಸಲಿ ಎಂದರೆ ಕಂದಾಯ ಲೆಕ್ಕದ ವರ್ಷ, ಅದಕ್ಕೆ 590 ಕೂಡಿಸಿ. ಫಸಲಿ 1356 ಎಂದರೆ 1946-47. ಮದ್ರಾಸಿನಲ್ಲಿ ಫಸಲಿ ವರ್ಷ ಜುಲೈಗೆ, ಹೈದರಾಬಾದಿನಲ್ಲಿ ಅಕ್ಟೋಬರ್‌ಗೆ ಶುರು. ಆದ್ದರಿಂದ ಎರಡು ಇಸವಿಯನ್ನೂ ಬರೆಯುವುದು ಕ್ಷೇಮ.

ಶಕಕ್ಕೆ 78 ಕೂಡಿಸುವುದು ಎಲ್ಲರಿಗೂ ಗೊತ್ತು, ಆದರೆ ಅಲ್ಲಿಗೇ ನಿಲ್ಲಬಾರದು. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕವನ್ನು ಹೇಳುವ ಶಾಸನದಲ್ಲಿ ಶಕ 1430, ಶುಕ್ಲ ಸಂವತ್ಸರ, ಮಾಘ ಮಾಸ ಎಂದಿದೆ. 78 ಕೂಡಿಸಿದರೆ 1508. ಆದರೆ ಶುಕ್ಲ ಸಂವತ್ಸರ ಬರುವುದು 1509-10ರಲ್ಲಿ, ಮಾಘ ಬೀಳುವುದು ಇಸವಿ ತಿರುಗಿದ ಮೇಲೆ. ಹಾಗಾಗಿ ಅದನ್ನು 1510ರ ಜನವರಿ ಎಂದು ತೆಗೆದುಕೊಳ್ಳುತ್ತಾರೆ. ಶಕದ ಅಂಕಿ, ಸಂವತ್ಸರ, ತಿಥಿ, ವಾರ ನಾಲ್ಕನ್ನೂ ಹೊಂದಿಸಿ ನೋಡಬೇಕು. ಇದಕ್ಕೆಂದೇ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಅವರ ‘ಇಂಡಿಯನ್ ಎಫಿಮೆರಿಸ್’ ಇದೆ, ಕ್ರಿ.ಶ. 700ರಿಂದ 1799ರವರೆಗಿನ ದಿನದಿನದ ಲೆಕ್ಕ.

ಹಿರಿಯರ ಮಾತು ದಾಖಲಿಸುವವರಿಗೂ ಸಂವತ್ಸರ ಬೇಕು. ‘ಧಾತು-ಈಶ್ವರದ ಬರ’ ಎಂದು ಅಜ್ಜಿಯೊಬ್ಬರು ಹೇಳಿದರೆ ಅದು 1876-78ರ ಕ್ಷಾಮ, ಗೆಜೆಟಿಯರ್‌ನ ಬರಗಾಲದ ಅಧ್ಯಾಯಕ್ಕೆ ಅಲ್ಲಿಂದ ನೇರ ದಾರಿ.

ಎರಡು ಆಕರ ಎರಡು ಮಾತು ಹೇಳಿದ್ರೆ ಯಾವುದನ್ನ ನಂಬೋದು?

ಯಾವುದು ಮೂಲಕ್ಕೆ ಹತ್ತಿರ, ಯಾವುದು ತನ್ನ ಲೆಕ್ಕವನ್ನು ಬಿಚ್ಚಿ ತೋರಿಸುತ್ತದೆ ಎಂದು ನೋಡಿ. ಕೃಷ್ಣದೇವರಾಯನಿಗೂ ಬಿಜಾಪುರದ ಸುಲ್ತಾನನಿಗೂ ನಡೆದ ರಾಯಚೂರು ಯುದ್ಧದ ವರ್ಷವನ್ನೇ ತೆಗೆದುಕೊಳ್ಳಿ. ಪೋರ್ಚುಗೀಸ್ ಬರಹಗಾರ ನೂನಿಜ್ ಕೊಡುವುದು 1522. ರಾಬರ್ಟ್ ಸೀವೆಲ್ ಅದೇ ಬರಹದಲ್ಲಿರುವ ಅಮಾವಾಸ್ಯೆ, ಶನಿವಾರ ಎಂಬ ಸುಳಿವು ಹಿಡಿದು ಲೆಕ್ಕ ಹಾಕಿ, ಬೇರೆ ಸಾಕ್ಷ್ಯಗಳ ಜೊತೆ ಹೊಂದಿಸಿ, 1520ರ ಮೇ 19 ಎಂದು ವಾದಿಸಿದರು. ಇಂದು ಹೆಚ್ಚಿನವರು ಒಪ್ಪುವುದು 1520ನ್ನು. ನೀವು ಬರೆಯುವಾಗ 1520 ಎಂದು ಹಾಕಿ, ಅಡಿಟಿಪ್ಪಣಿಯಲ್ಲಿ 1522 ಎಲ್ಲಿಂದ ಬಂತು ಎಂದೂ ಹೇಳಿ. ಭಿನ್ನಾಭಿಪ್ರಾಯವನ್ನು ಮುಚ್ಚಿಟ್ಟರೆ ಮುಂದಿನವರು ಮತ್ತೆ ಅಲ್ಲೇ ಎಡವುತ್ತಾರೆ.

ಐದು ಪುಸ್ತಕ ಒಂದೇ ಮಾತು ಹೇಳಿದರೆ ಐದು ಸಾಕ್ಷಿ ಎಂದುಕೊಳ್ಳಬೇಡಿ. ಐದೂ 1904ರ ಗೆಜೆಟಿಯರ್‌ನಿಂದ ಎತ್ತಿಕೊಂಡವಾಗಿದ್ದರೆ ಸಾಕ್ಷಿ ಒಂದೇ.

ಫೋನಿನಾಗ ಫೋಟೋ ಹೊಡ್ಕೊಂಡು ಬರ್ತೀನಿ. ಆಮೇಲೆ ಯಾವ ಪುಸ್ತಕದ್ದು ಅಂತಾನೇ ಗೊತ್ತಾಗಲ್ಲ!

ಒಳಪುಟಕ್ಕೆ ಮೊದಲು ಶೀರ್ಷಿಕೆ ಪುಟ, ಅದರ ಬೆನ್ನಿನ ಪುಟ ಇವೆರಡರ ಫೋಟೋ ತೆಗೆಯಿರಿ. ಮುದ್ರಣದ ವರ್ಷ, ಎಷ್ಟನೇ ಆವೃತ್ತಿ ಎಂಬುದು ಬೆನ್ನಿನ ಪುಟದಲ್ಲಿರುತ್ತದೆ. ಆಮೇಲೆ ಬೆನ್ನಿನ ಚೀಟಿಯ ಕರೆಸಂಖ್ಯೆ. ನಂತರ ಬೇಕಾದ ಪುಟ, ಪುಟಸಂಖ್ಯೆ ಕಾಣುವ ಹಾಗೆ. ಅಂದೇ ರಾತ್ರಿ ಅವನ್ನು ಒಂದು ಫೋಲ್ಡರಿಗೆ ಹಾಕಿ ‘ಲೇಖಕ-ವರ್ಷ’ ಎಂದು ಹೆಸರಿಡಿ. ನಾಳೆಗೆ ಬಿಟ್ಟರೆ ಕಲೆತುಹೋಗುತ್ತವೆ.

ಫೋಟೋ ಟಿಪ್ಪಣಿಯಾಗುವುದಿಲ್ಲ. 5 ಇಂಚು ಉದ್ದ, 3 ಇಂಚು ಅಗಲದ ಚೀಟಿಯಲ್ಲಿ ಒಂದು ಸಂಗತಿ ಮಾತ್ರ ಬರೆಯಿರಿ: ಮೇಲೆ ವಿಷಯ, ನಡುವೆ ಸಂಗತಿ, ಕೆಳಗೆ ಲೇಖಕ, ವರ್ಷ, ಪುಟ. ಮೂಲದ ಮಾತನ್ನೇ ಇಳಿಸಿಕೊಂಡಿದ್ದರೆ ಉದ್ಧರಣ ಚಿಹ್ನೆ ಹಾಕಲೇಬೇಕು. ಆರು ತಿಂಗಳಾದ ಮೇಲೆ ಅದು ನಿಮ್ಮ ವಾಕ್ಯವೋ ಅವರದೋ ಎಂದು ನಿಮಗೇ ತಿಳಿಯದೆ ಕೃತಿಚೌರ್ಯದ ಆರೋಪ ಹೊತ್ತುಕೊಳ್ಳುವುದು ಹೀಗೆಯೇ.

ಬೇಕಾದ ಪುಸ್ತಕ ನಮ್ಮ ಜಿಲ್ಲೆಯಾಗೇ ಇಲ್ಲ. ಪೂರ್ತಿ ಝೆರಾಕ್ಸ್ ಮಾಡಿಸಿಕೊಳ್ಳಬಹುದಾ?

ಮೊದಲು ಇನ್‌ಫ್ಲಿಬ್‌ನೆಟ್‌ನ ಒಕ್ಕೂಟ ಕ್ಯಾಟಲಾಗ್ ‘ಇಂಡ್‌ಕ್ಯಾಟ್’ ನೋಡಿ. ಯಾವ ವಿಶ್ವವಿದ್ಯಾಲಯದಲ್ಲಿ ಪುಸ್ತಕ ಇದೆ ಎಂದು ಅದು ಹೇಳುತ್ತದೆ. ನಿಮ್ಮ ಕಾಲೇಜು ಡೆಲ್‌ನೆಟ್ ಎಂಬ ಗ್ರಂಥಾಲಯ ಜಾಲದ ಸದಸ್ಯ ಆಗಿದ್ದರೆ ಲೈಬ್ರರಿಯನ್ ಮೂಲಕ ತರಿಸಿಕೊಳ್ಳಬಹುದು. ಕನ್ನಡ ಸಂಶೋಧನೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಕ್ಷರ ಗ್ರಂಥಾಲಯ ಮೂರೂ ಜಿಲ್ಲೆಯವರಿಗೆ ಹತ್ತಿರ. ಹೊರಗಿನವರು ಗೈಡ್ ಅಥವಾ ಪ್ರಾಂಶುಪಾಲರ ಪತ್ರ, ಗುರುತಿನ ಚೀಟಿ, ಬೇಕಾದ ಪುಸ್ತಕಗಳ ಪಟ್ಟಿ ಹಿಡಿದು, ಮೊದಲೇ ಫೋನ್ ಮಾಡಿ ಹೋಗಬೇಕು. ಮದ್ರಾಸ್ ಕಾಲದ ಮುದ್ರಿತ ಪುಸ್ತಕಗಳಿಗೆ ಚೆನ್ನೈನ ಕನ್ನೆಮರಾ ಗ್ರಂಥಾಲಯ ದೊಡ್ಡ ಆಸರೆ.

ಝೆರಾಕ್ಸ್ ಬಗ್ಗೆ: ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ, ಸರ್ಕಾರಿ ಪ್ರಕಟಣೆಗೆ ಪ್ರಕಟವಾದಾಗಿನಿಂದ 60 ವರ್ಷ. 1904ರ ಗೆಜೆಟಿಯರ್ ಪೂರ್ತಿ ಇಳಿಸಿಕೊಳ್ಳಬಹುದು. 1970, 1972ರವು ಇನ್ನೂ ಹಕ್ಕಿನೊಳಗಿವೆ, ಸ್ವಂತ ಸಂಶೋಧನೆಗೆ ಬೇಕಾದ ಪುಟಗಳಷ್ಟನ್ನು ನಕಲು ಮಾಡಿಕೊಳ್ಳಿ. ಹಳೆಯ ಸಂಪುಟದ ಹೊಲಿಗೆ ಬಿಟ್ಟಿದ್ದರೆ ಝೆರಾಕ್ಸ್ ಯಂತ್ರದ ಮೇಲೆ ಮಗುಚಿ ಒತ್ತಬೇಡಿ, ಬೆನ್ನು ಮುರಿಯುತ್ತದೆ. ಮೇಜಿನ ಮೇಲೆ ಅರ್ಧ ತೆರೆದಿಟ್ಟು ಮೇಲಿನಿಂದ ಫೋಟೋ ತೆಗೆಯಿರಿ. ಕೆಲವು ಸಂಪುಟಗಳ ಪ್ರತಿ ಇಡೀ ಜಿಲ್ಲೆಗೆ ಅದೊಂದೇ ಇರುತ್ತದೆ.

ಇದನ್ನೆಲ್ಲ ನೋಡ್ತಾ ಕೂತರೆ ಬರೆಯೋದು ಯಾವಾಗ? ಎಲ್ಲಿಗೆ ನಿಲ್ಲಿಸಬೇಕು?

ಹೊಸ ಪುಸ್ತಕ ತೆರೆದಾಗ ಅದರ ಅಡಿಟಿಪ್ಪಣಿಯಲ್ಲಿ ಬರುವ ಹೆಸರುಗಳೆಲ್ಲ ನಿಮ್ಮ ಪಟ್ಟಿಯಲ್ಲಿ ಆಗಲೇ ಇದ್ದರೆ ಪರಾಮರ್ಶನದ ಮೊದಲ ಸುತ್ತು ಮುಗಿಯಿತು. ಕಿರುಪ್ರಬಂಧಕ್ಕೆ ಎರಡು ವಾರ, ಪಿಎಚ್.ಡಿ. ಸಿನಾಪ್ಸಿಸ್‌ಗೆ ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಅಷ್ಟರೊಳಗೆ ನಿಮ್ಮ ಕೈಯಲ್ಲಿ ಊರು-ಕಾಲದ ಆಡಳಿತದ ಹಾಳೆ, ಹೆಸರಿನ ರೂಪಗಳ ಪಟ್ಟಿ, ನೋಡಿದ ಮತ್ತು ನೋಡಬೇಕಾದ ಪುಸ್ತಕಗಳ ಪಟ್ಟಿ, ನೂರರ ಹತ್ತಿರ ಚೀಟಿ ಇರಬೇಕು. ಆ ಚೀಟಿಗಳನ್ನು ಮೇಜಿನ ಮೇಲೆ ಹರಡಿ ಗುಂಪು ಮಾಡಿ. ಚೀಟಿ ಕಡಿಮೆ ಇರುವ ಗುಂಪು ಯಾವುದೋ, ಮುಂದಿನ ವಾರ ಅದನ್ನು ಹಿಡಿದು ಮತ್ತೆ ಲೈಬ್ರರಿಗೆ ಹೋಗಿ.